ರೇಡಿಯೊ ಪಕ್ಕದಲ್ಲೊಂದು ಕಂಪ್ಯೂಟರ್

ಶಾರ್ಟ್‌ವೇವ್ ಕಾಲ ಮುಗಿಯಿತು ಎಂಬ ಮಾತು ಕೇಳಿ ಕೇಳಿ ಎಷ್ಟೋ ಮನೆಗಳಲ್ಲಿ ಒಳ್ಳೊಳ್ಳೆಯ ರಿಸೀವರುಗಳು ಅಟ್ಟ ಸೇರಿವೆ. ಪ್ರಸಾರ ಕೇಂದ್ರಗಳು ಕಡಿಮೆಯಾಗಿರುವುದು ನಿಜ. ಬಿಬಿಸಿಯ ಹಿಂದಿ ವಿಭಾಗವೇ 2020ರ ಜನವರಿ ಕೊನೆಗೆ ಶಾರ್ಟ್‌ವೇವ್ ಪ್ರಸಾರ ನಿಲ್ಲಿಸಿತು. ಆದರೆ ರಾತ್ರಿ ಹೊತ್ತು ಡಯಲ್ ತಿರುಗಿಸಿ ನೋಡಿದವರಿಗೆ ಗೊತ್ತು: ಅಲ್ಲಿ ಮಾತು ಕಡಿಮೆಯಾಗಿದೆಯೇ ಹೊರತು ಸದ್ದು ಕಡಿಮೆಯಾಗಿಲ್ಲ. ಸಿಳ್ಳೆ, ಚಿಲಿಪಿಲಿ, ಕರಕರ, ಏರಿಳಿಯುವ ಸ್ವರಗಳು. ಇವುಗಳಲ್ಲಿ ಬಹುಪಾಲು ಯಾರೋ ಯಾರಿಗೋ ಕಳಿಸುತ್ತಿರುವ ಅಕ್ಷರ, ಅಂಕಿ, ಚಿತ್ರ. ಕಿವಿಗೆ ದಕ್ಕದ ಈ ಸದ್ದುಗಳನ್ನು ಮನೆಯಲ್ಲಿರುವ ಸಾಧಾರಣ ಲ್ಯಾಪ್‌ಟಾಪ್ ಬಿಡಿಸಿ ತೋರಿಸುತ್ತದೆ. ಎಂಟು-ಹತ್ತು ವರ್ಷ ಹಳೆಯದಾದರೂ ಸಾಕು. ಬೇಕಾದ ತಂತ್ರಾಂಶಗಳಲ್ಲಿ ಹೆಚ್ಚಿನವು ಉಚಿತ.

ಇದಕ್ಕಾಗಿ ದುಬಾರಿ ರಿಸೀವರ್ ಕೊಳ್ಳಬೇಕು ಎಂದು ಹೊಸಬರು ಹೊರಡುತ್ತಾರೆ. ನನ್ನ ಸಲಹೆ ಬೇರೆ. ಹಣ ಖರ್ಚು ಮಾಡುವ ಮೊದಲು ಒಂದು ಸಂಜೆ ಕೂತು ಕಂಪ್ಯೂಟರಿನ ಬಾಯಿ ಮುಚ್ಚಿಸುವುದನ್ನು ಕಲಿಯಿರಿ. ರೇಡಿಯೊಗೆ ಕಂಪ್ಯೂಟರ್ ಎಷ್ಟು ಒಳ್ಳೆಯ ಜೊತೆಗಾರನೋ ಅಷ್ಟೇ ದೊಡ್ಡ ಗದ್ದಲಗಾರ. ಈ ಗದ್ದಲ ಅಡಗದಿದ್ದರೆ ಎಷ್ಟು ಸಾವಿರದ ರಿಸೀವರ್ ತಂದರೂ ಅದು ಕೇಳುವುದು ಪಕ್ಕದ ಚಾರ್ಜರಿನ ಸದ್ದನ್ನೇ.

ಮೊದಲು ಗದ್ದಲ ಅಡಗಿಸಿ

ಪರೀಕ್ಷೆ ಸುಲಭ. ರಾತ್ರಿ 7 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಯಾವ ಕೇಂದ್ರವೂ ಇಲ್ಲದ ಜಾಗಕ್ಕೆ ರೇಡಿಯೊ ಇಟ್ಟು, ಧ್ವನಿ ಏರಿಸಿ. ಈಗ ಲ್ಯಾಪ್‌ಟಾಪನ್ನು ಹತ್ತಿರ ತನ್ನಿ. ಚಾರ್ಜರ್ ಸಿಕ್ಕಿಸಿ, ತೆಗೆಯಿರಿ. ಮೊಬೈಲ್ ಚಾರ್ಜರ್, ವೈಫೈ ರೂಟರಿನ ಅಡಾಪ್ಟರ್, ಸೆಟ್‌ಟಾಪ್ ಬಾಕ್ಸ್, ಎಲ್‌ಇಡಿ ಬಲ್ಬು, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಇನ್ವರ್ಟರ್ ಎಲ್ಲವನ್ನೂ ಒಂದೊಂದಾಗಿ ಆರಿಸುತ್ತ ಬನ್ನಿ. ಯಾವುದನ್ನು ಆರಿಸಿದಾಗ ಸದ್ದು ಇಳಿಯಿತೋ ಅದೇ ಆರೋಪಿ. ಇವುಗಳಲ್ಲಿ ಹೆಚ್ಚಿನವುಗಳ ಒಳಗೆ ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಜೋಡಿಸುವ ಮಂಡಲವಿರುತ್ತದೆ. ಅದರ ತರಂಗಗಳು ಶಾರ್ಟ್‌ವೇವ್ ಉದ್ದಕ್ಕೂ ಹರಡಿಕೊಳ್ಳುತ್ತವೆ. ಕರೆಂಟು ಹೋದ ರಾತ್ರಿ ಬ್ಯಾಟರಿ ರೇಡಿಯೊ ಎಷ್ಟು ಶುಭ್ರವಾಗಿ ಹಾಡುತ್ತದೆ ಎಂಬುದನ್ನು ನಮ್ಮ ಊರುಗಳ ಕೇಳುಗರಿಗೆ ಬಿಡಿಸಿ ಹೇಳಬೇಕಿಲ್ಲ. ಅಕ್ಕಪಕ್ಕದ ಮನೆಗಳ ಅಡಾಪ್ಟರುಗಳೂ ಒಟ್ಟಿಗೆ ಸುಮ್ಮನಾಗುವ ಹೊತ್ತು ಅದು. ನಿಮ್ಮ ಮನೆಯ ಗದ್ದಲ ಎಷ್ಟು, ಬೀದಿಯದ್ದೆಷ್ಟು ಎಂದು ಅಳೆಯಲು ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ.

ಆರೋಪಿ ಸಿಕ್ಕ ಮೇಲೆ ಮದ್ದು ಕಷ್ಟವಲ್ಲ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ನಡೆಸಿದರೆ ಅರ್ಧ ತೊಂದರೆ ಅಲ್ಲಿಗೇ ತೀರಿತು. ಇನ್ನುಳಿದದ್ದಕ್ಕೆ ಫೆರೈಟ್ ಉಂಗುರಗಳಿವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಹುಡುಕಿದರೆ ಸಿಗುತ್ತವೆ. ಹಳೆಯ ಮಾನಿಟರ್ ಕೇಬಲುಗಳ ತುದಿಯಲ್ಲಿ ಉಬ್ಬಿಕೊಂಡಿರುವ ಗುಬುಟು ಕೂಡ ಇದೇ. ಕೇಬಲನ್ನು ಉಂಗುರದೊಳಗೆ ಒಂದೇ ಸಲ ತೂರಿಸಿ ಬಿಡಬೇಡಿ, ಸುತ್ತು ಹಾಕಿ. ಸುತ್ತುಗಳ ವರ್ಗಕ್ಕೆ ಅನುಗುಣವಾಗಿ ತಡೆ ಹೆಚ್ಚುತ್ತದೆ, ಅಂದರೆ ಮೂರು ಸುತ್ತಿಗೆ ಸುಮಾರು ಒಂಬತ್ತು ಪಟ್ಟು. ಕೊಳ್ಳುವಾಗ ಶಾರ್ಟ್‌ವೇವ್‌ಗೆ ಒಗ್ಗುವ 31ನೇ ಮಿಶ್ರಣದ್ದನ್ನು ಕೇಳಿ. ಎಚ್‌ಡಿಎಂಐ ಕೇಬಲಿನಲ್ಲಿ ಹೆಚ್ಚುವರಿ ಮಾನಿಟರ್ ಜೋಡಿಸಿದ್ದರೆ ಕೇಳುವ ಹೊತ್ತಿಗೆ ಅದನ್ನು ಕಳಚುವುದೇ ವಾಸಿ.

ಇವೆಲ್ಲಕ್ಕಿಂತ ದೊಡ್ಡ ಉಪಾಯ ಆಂಟೆನಾವನ್ನು ಮನೆಯಿಂದ ಹೊರಗೆ ಕಳಿಸುವುದು. ರಿಸೀವರಿನ ಕಡ್ಡಿ ಆಂಟೆನಾ ಲ್ಯಾಪ್‌ಟಾಪಿನ ಪಕ್ಕದಲ್ಲೇ ನಿಂತಿದ್ದರೆ ಮೊದಲು ಹಿಡಿಯುವುದು ಅದರ ಗದ್ದಲವನ್ನು. ಹತ್ತರಿಂದ ಹದಿನೈದು ಮೀಟರ್ ಉದ್ದದ ಸಾಮಾನ್ಯ ತಾಮ್ರದ ತಂತಿಯನ್ನು ತಾರಸಿಯಿಂದ ತೆಂಗಿನ ಮರಕ್ಕೋ ಕಂಬಕ್ಕೋ ಎಳೆದು, ಅದರ ಬುಡದಲ್ಲಿ ಒಂಬತ್ತಕ್ಕೆ ಒಂದರ ಚಿಕ್ಕ ಟ್ರಾನ್ಸ್‌ಫಾರ್ಮರ್ ಇಟ್ಟು, ಅಲ್ಲಿಂದ ಕೋಣೆಗೆ ಕೋಆಕ್ಸಿಯಲ್ ಕೇಬಲ್ ತನ್ನಿ. ಕೇಬಲ್ ಟಿವಿಯವರು ಬಳಸುವ ಆರ್‌ಜಿ-6 ತಂತಿ ಕೇಳುವುದಕ್ಕೆ ಧಾರಾಳವಾಗಿ ಸಾಕು. ಎರಡು ಎಚ್ಚರಿಕೆ. ವಿದ್ಯುತ್ ತಂತಿಯ ಮೇಲಾಗಲಿ, ಕೆಳಗಾಗಲಿ, ಅದು ಬಿದ್ದರೆ ತಗಲುವಷ್ಟು ಹತ್ತಿರದಲ್ಲಾಗಲಿ ಆಂಟೆನಾ ಎಳೆಯಬಾರದು. ಏಪ್ರಿಲ್-ಮೇ ತಿಂಗಳ ಮುಂಗಾರುಪೂರ್ವ ಗುಡುಗು ಮಳೆಯಲ್ಲಿ, ಮೋಡ ಕಂಡಾಗಲೇ ಕೇಬಲ್ ಕಳಚಿ ಮನೆಯ ಹೊರಗಿಡಬೇಕು. ಸಿಡಿಲು ತಲೆಯ ಮೇಲೆ ಬರುವವರೆಗೆ ಕಾಯಬೇಡಿ.

ಸದ್ದನ್ನು ಕಂಪ್ಯೂಟರಿಗೆ ಕೊಡುವುದು

ಅತಿ ಸರಳ ಜೋಡಣೆ ಎಂದರೆ ರೇಡಿಯೊದ ಧ್ವನಿಯನ್ನು ಒಂದು ತಂತಿಯಲ್ಲಿ ಕಂಪ್ಯೂಟರಿಗೆ ಒಯ್ಯುವುದು. ಟೆಕ್‌ಸನ್ ಪಿಎಲ್-880ರಂಥ ರಿಸೀವರುಗಳಲ್ಲಿ ಲೈನ್ ಔಟ್ ಕಿಂಡಿ ಇದೆ. ಇಲ್ಲದಿದ್ದರೆ ಇಯರ್‌ಫೋನ್ ಕಿಂಡಿಯೇ ಸಾಕು. ಲ್ಯಾಪ್‌ಟಾಪಿನ ಕಡೆ ಸ್ವಲ್ಪ ಜೋಪಾನ ಬೇಕು. ಈಗಿನ ಲ್ಯಾಪ್‌ಟಾಪುಗಳ ಒಂದೇ ಕಿಂಡಿಯಲ್ಲಿ ಇಯರ್‌ಫೋನ್, ಮೈಕ್ ಎರಡೂ ಇರುತ್ತವೆ. ಆ ಮೈಕ್ ದಾರಿ ತೀರ ಸಣ್ಣ ಧ್ವನಿಗೆಂದು ಮಾಡಿದ್ದು, ಸಾಲದ್ದಕ್ಕೆ ಮೈಕಿಗೆ ಬೇಕಾದ ವಿದ್ಯುತ್ತನ್ನೂ ಹೊರಗೆ ಕಳಿಸುತ್ತಿರುತ್ತದೆ. ರೇಡಿಯೊದ ಜೋರು ಸದ್ದನ್ನು ನೇರ ಅಲ್ಲಿಗೆ ಕೊಟ್ಟರೆ ಧ್ವನಿ ಒಡೆಯುತ್ತದೆ. ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಚಿಕ್ಕ ಸೌಂಡ್ ಕಾರ್ಡ್ ಕೊಂಡರೆ ಇದಕ್ಕೆ ಪರಿಹಾರ. ಲೈನ್ ಇನ್ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು.

ಧ್ವನಿಯ ಮಟ್ಟ ಹೊಂದಿಸುವುದರಲ್ಲಿ ಅವಸರ ಬೇಡ. ಜೋರಿದ್ದಷ್ಟೂ ಚೆನ್ನಾಗಿ ಬಿಡಿಸುತ್ತದೆ ಎಂಬುದು ತಪ್ಪು ಗ್ರಹಿಕೆ. ಮುಂದೆ ಹೇಳುವ ಎಫ್‌ಟಿ8 ಸಂಕೇತಗಳನ್ನು ಬಿಡಿಸುವ ಡಬ್ಲ್ಯೂಎಸ್‌ಜೆಟಿ-ಎಕ್ಸ್ ತಂತ್ರಾಂಶದ ಎಡಮೂಲೆಯ ಪಟ್ಟಿ, ಸಂಕೇತವಿಲ್ಲದೆ ಬರೀ ಗದ್ದಲ ಬರುತ್ತಿರುವಾಗ 30 ಡೆಸಿಬಲ್ ಸುಮಾರಿಗೆ ನಿಂತರೆ ಸರಿ. ವಿಂಡೋಸ್‌ನಲ್ಲಿ ಧ್ವನಿ ಸುಧಾರಿಸುತ್ತೇನೆಂದು ಹೇಳುವ ಎಲ್ಲ ಆಯ್ಕೆಗಳನ್ನೂ ಆಫ್ ಮಾಡಿ. ಮನುಷ್ಯರ ಮಾತನ್ನು ಉಳಿಸಿ ಉಳಿದದ್ದನ್ನು ಗದ್ದಲವೆಂದು ಅಳಿಸುವುದು ಅವುಗಳ ಕೆಲಸ. ನಮಗೆ ಬೇಕಿರುವುದು ಆ ಉಳಿದದ್ದೇ. ರೇಡಿಯೊ, ಲ್ಯಾಪ್‌ಟಾಪ್ ಎರಡೂ ಗೋಡೆಯ ಕರೆಂಟಿನಲ್ಲಿದ್ದು ತಂತಿ ಜೋಡಿಸಿದ ಕೂಡಲೇ ಗುಂಯ್‌ಗುಡತೊಡಗಿದರೆ, ಒಂದಕ್ಕೆ ಒಂದರ ಆಡಿಯೊ ಟ್ರಾನ್ಸ್‌ಫಾರ್ಮರನ್ನು ನಡುವೆ ಹಾಕಿ. ಸದ್ದು ದಾಟುತ್ತದೆ, ಗುಂಯ್ ದಾಟುವುದಿಲ್ಲ.

ರೇಡಿಯೊದಲ್ಲಿ ಸಿಂಗಲ್ ಸೈಡ್‌ಬ್ಯಾಂಡ್ ಅಂದರೆ ಎಸ್‌ಎಸ್‌ಬಿ ಗುಂಡಿ ಇರಲೇಬೇಕು. ಬರೀ ಎಎಂ ಹಿಡಿಯುವ ಹಳೆಯ ಸೆಟ್ಟಿನಲ್ಲಿ ಈ ಮುಂದಿನ ಕೆಲಸಗಳು ಆಗುವುದಿಲ್ಲ. ಟೆಕ್‌ಸನ್ ಪಿಎಲ್-330ರಂಥ ಅಂಗೈಯಗಲದ ಸೆಟ್ಟಿನಲ್ಲೂ ಈಗ ಎಸ್‌ಎಸ್‌ಬಿ ಬಂದಿದೆ.

ಮೊದಲ ಬೇಟೆ: ಎಫ್‌ಟಿ8

ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನಾನು ಹೇಳುವುದು ಒಂದೇ ಸಂಖ್ಯೆ: 14.074 ಮೆಗಾಹರ್ಟ್ಸ್, ಅಪ್ಪರ್ ಸೈಡ್‌ಬ್ಯಾಂಡ್. ಕತ್ತಲಾದ ಮೇಲೆ 7.074. ಅಲ್ಲಿ ಹದಿನೈದು ಸೆಕೆಂಡಿಗೊಮ್ಮೆ ಶುರುವಾಗಿ, ಹದಿಮೂರು ಸೆಕೆಂಡಿನೊಳಗೆ ನಿಂತು, ಮತ್ತೆ ಶುರುವಾಗುವ ಹಲವು ಸ್ವರಗಳ ಮೇಳ ಕೇಳುತ್ತದೆ. ಅದೇ ಎಫ್‌ಟಿ8, ಜಗತ್ತಿನ ಹವ್ಯಾಸಿ ರೇಡಿಯೊ ಬಳಗ ಈಗ ಅತಿ ಹೆಚ್ಚು ಬಳಸುವ ಡಿಜಿಟಲ್ ವಿಧಾನ. ಸ್ಟೀವ್ ಫ್ರಾಂಕಿ ಮತ್ತು ಜೋ ಟೇಲರ್ ಇಬ್ಬರೂ ಸೇರಿ 2017ರಲ್ಲಿ ಇದನ್ನು ಹೊರತಂದರು. ಟೇಲರ್ ಹವ್ಯಾಸಿ ಮಾತ್ರವಲ್ಲ, ಜೋಡಿ ಪಲ್ಸಾರ್ ಕಂಡುಹಿಡಿದದ್ದಕ್ಕೆ 1993ರ ಭೌತವಿಜ್ಞಾನ ನೊಬೆಲ್ ಹಂಚಿಕೊಂಡ ಖಗೋಳ ವಿಜ್ಞಾನಿ. ಆಕಾಶದ ಅತಿ ಕ್ಷೀಣ ಸಂಕೇತಗಳನ್ನು ಗದ್ದಲದಿಂದ ಹೆಕ್ಕಿ ತೆಗೆದ ಮನುಷ್ಯ, ಅದೇ ಕೌಶಲವನ್ನು ತನ್ನ ಹವ್ಯಾಸಕ್ಕೆ ಕೊಟ್ಟರು.

ಒಂದೊಂದು ಎಫ್‌ಟಿ8 ಸಂಕೇತ ಹಿಡಿಯುವ ಜಾಗ ಬರೀ 50 ಹರ್ಟ್ಸ್. ಹಾಗಾಗಿ ರೇಡಿಯೊ ಒಂದೇ ಸಲಕ್ಕೆ ಹಿಡಿಯುವ ಪಟ್ಟಿಯಲ್ಲಿ ಹತ್ತಾರು ಕೇಂದ್ರಗಳು ಒಟ್ಟಿಗೆ ಕೂತಿರುತ್ತವೆ, ತಂತ್ರಾಂಶ ಅಷ್ಟನ್ನೂ ಬೇರೆ ಬೇರೆಯಾಗಿ ಬರೆದು ತೋರಿಸುತ್ತದೆ. ಕಿವಿಗೆ ಏನೂ ಕೇಳಿಸದ, ಗದ್ದಲಕ್ಕಿಂತ 20 ಡೆಸಿಬಲ್ ಕೆಳಗಿರುವ ಸಂಕೇತವೂ ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತದೆ. ಕರೆಯುತ್ತಿರುವ ಕೇಂದ್ರದ ಪಕ್ಕದಲ್ಲೇ ದೇಶದ ಹೆಸರೂ ಬರುತ್ತದೆ. ನಮ್ಮ ದೇಶದ ಕರೆಚಿಹ್ನೆಗಳಲ್ಲಿ ಹೆಚ್ಚಿನವು ವಿಯು ಎಂದು ಶುರುವಾಗುತ್ತವೆ. ಇಂಡೊನೇಷ್ಯ, ಜಪಾನ್, ರಷ್ಯ, ಇಟಲಿ ಸಾಲುಸಾಲಾಗಿ ಕಾಣತೊಡಗಿದಾಗ, ಬಾಲ್ಕನಿಯ ತುಂಡು ತಂತಿಯ ಬಗ್ಗೆ ಹೊಸ ಗೌರವ ಹುಟ್ಟುತ್ತದೆ.

ಏನೂ ಮೂಡದಿದ್ದರೆ ರೇಡಿಯೊವನ್ನು ಬೈಯುವ ಮೊದಲು ಗಡಿಯಾರ ನೋಡಿ. ಎಫ್‌ಟಿ8 ನಿಂತಿರುವುದೇ ಕಾಲದ ಮೇಲೆ. ಕಂಪ್ಯೂಟರಿನ ಗಡಿಯಾರ ಒಂದು ಸೆಕೆಂಡಿನೊಳಗೆ ಸರಿ ಇರಬೇಕು. ಇಂಟರ್ನೆಟ್ ಸಮಯಕ್ಕೆ ಹೊಂದಿಸಿದರೆ ಸಾಕು. ತಂತ್ರಾಂಶ ಪ್ರತಿ ಸಾಲಿನಲ್ಲೂ ಸಮಯದ ವ್ಯತ್ಯಾಸವನ್ನು ತೋರಿಸುತ್ತದೆ. ಎಲ್ಲ ಸಾಲುಗಳಲ್ಲೂ ಅದು ಒಂದೇ ಕಡೆಗೆ ವಾಲಿದ್ದರೆ ತಪ್ಪು ನಿಮ್ಮ ಗಡಿಯಾರದ್ದು.

ಎಫ್‌ಟಿ8ನಲ್ಲಿ ಮಾತುಕತೆ ಇಲ್ಲ, ಬರೀ ಹೆಸರು, ಸ್ಥಳ, ಸಂಕೇತದ ಬಲ. ಕರಾವಳಿಯವರು ಇದಕ್ಕಿಂತ ಜೀವಂತವಾದದ್ದನ್ನು ಓದಬಹುದು. 518 ಕಿಲೋಹರ್ಟ್ಸ್‌ನಲ್ಲಿ ನಾವ್‌ಟೆಕ್ಸ್ ಎಂಬ ಸೇವೆ ಹಡಗುಗಳಿಗೆ ಹವಾಮಾನ ಮುನ್ಸೂಚನೆ, ಬಿರುಗಾಳಿ ಎಚ್ಚರಿಕೆ, ಸಮುದ್ರ ಮಾರ್ಗದ ಅಪಾಯಗಳನ್ನು ಸರಳ ಇಂಗ್ಲಿಷಿನಲ್ಲಿ ಕಳಿಸುತ್ತದೆ. ಪ್ರತಿ ಕೇಂದ್ರಕ್ಕೂ ನಾಲ್ಕು ಗಂಟೆಗೊಮ್ಮೆ ಸರದಿ. ನಮ್ಮ ಕಡಲತೀರದಲ್ಲಿ ದೀಪಸ್ತಂಭ ಇಲಾಖೆ ನಡೆಸುವ ಕೇಂದ್ರಗಳಲ್ಲಿ ಒಂದು ಮಹಾರಾಷ್ಟ್ರದ ವೆಂಗುರ್ಲಾದಲ್ಲಿದೆ. ಕಾರವಾರ, ಕುಮಟಾ, ಭಟ್ಕಳದವರಿಗೆ ಅದು ದೂರವೇನಲ್ಲ. ರಾತ್ರಿಯಾದರೆ ಒಳನಾಡಿಗೂ ಬರುತ್ತದೆ. ಎಫ್‌ಎಲ್‌ಡಿಜಿ ತಂತ್ರಾಂಶದಲ್ಲಿ ನಾವ್‌ಟೆಕ್ಸ್ ಆರಿಸಿ, ರೇಡಿಯೊವನ್ನು 517 ಕಿಲೋಹರ್ಟ್ಸ್ ಅಪ್ಪರ್ ಸೈಡ್‌ಬ್ಯಾಂಡ್‌ಗೆ ಇಡಿ. ಆಗ ಸಂಕೇತ 1000 ಹರ್ಟ್ಸ್ ಸ್ವರದಲ್ಲಿ ಬಂದು ಕೂರುತ್ತದೆ. ಚಂಡಮಾರುತದ ದಿನಗಳಲ್ಲಿ ಅರಬ್ಬಿ ಸಮುದ್ರದ ನಾವಿಕರು ಓದುತ್ತಿರುವ ಅದೇ ಸಾಲನ್ನು ನೀವೂ ಓದುತ್ತೀರಿ.

ಡಾಂಗಲ್: ಕಂಪ್ಯೂಟರೇ ರೇಡಿಯೊ ಆದಾಗ

ಇಲ್ಲಿಯವರೆಗೆ ಹೇಳಿದ್ದು ಇರುವ ರೇಡಿಯೊಗೆ ಕಂಪ್ಯೂಟರ್ ಜೋಡಿಸುವುದು. ಇನ್ನೊಂದು ದಾರಿಯಲ್ಲಿ ರೇಡಿಯೊದ ಹೆಚ್ಚಿನ ಕೆಲಸವನ್ನು ಕಂಪ್ಯೂಟರೇ ಮಾಡುತ್ತದೆ. ಯುರೋಪಿನಲ್ಲಿ ಡಿಜಿಟಲ್ ಟಿವಿ ನೋಡಲು ಮಾಡಿದ ಅಗ್ಗದ ಯುಎಸ್‌ಬಿ ಡಾಂಗಲುಗಳಲ್ಲಿ ಆರ್‌ಟಿಎಲ್2832ಯು ಎಂಬ ಚಿಪ್ ಇತ್ತು. ಅದು ಆಂಟೆನಾದಿಂದ ಬಂದದ್ದನ್ನು ಕಚ್ಚಾ ಅಂಕಿಗಳ ರೂಪದಲ್ಲೇ ಕಂಪ್ಯೂಟರಿಗೆ ಕೊಡಬಲ್ಲದು ಎಂಬುದನ್ನು ಫಿನ್ಲೆಂಡಿನ ಲಿನಕ್ಸ್ ತಂತ್ರಜ್ಞ ಆಂಟಿ ಪಾಲೊಸಾರಿ 2012ರಲ್ಲಿ ಬೆಳಕಿಗೆ ತಂದರು. ಆಸ್ಮೊಕಾಮ್ ಗುಂಪು ಅದಕ್ಕೆ ಮುಕ್ತ ತಂತ್ರಾಂಶ ಬರೆಯಿತು. ಹಾಗೆ ಟಿವಿ ಡಾಂಗಲ್ ಸುಮಾರು 24ರಿಂದ 1766 ಮೆಗಾಹರ್ಟ್ಸ್‌ವರೆಗೆ ಕೇಳುವ ರಿಸೀವರ್ ಆಯಿತು. ಈಗ ಹವ್ಯಾಸಿಗಳಿಗೆಂದೇ ಮಾಡಿದ ಆವೃತ್ತಿಗಳು ಸಿಗುತ್ತವೆ. ಆರ್‌ಟಿಎಲ್-ಎಸ್‌ಡಿಆರ್ ವಿ4ನಲ್ಲಿ ಶಾರ್ಟ್‌ವೇವ್ ಹಿಡಿಯುವ ವ್ಯವಸ್ಥೆ ಒಳಗೇ ಇದೆ. ಅದಕ್ಕೆ ಅದರದೇ ಚಾಲಕ ತಂತ್ರಾಂಶ ಬೇಕು, ಹಳೆಯದು ಹಾಕಿ ಕೆಲಸ ಮಾಡುತ್ತಿಲ್ಲ ಎನ್ನುವವರು ಬಹಳ. ವಿಂಡೋಸ್‌ನಲ್ಲಿ ಝಾಡಿಗ್ ಎಂಬ ಪುಟ್ಟ ತಂತ್ರಾಂಶದಿಂದ ಚಾಲಕ ಬದಲಿಸಿ, ಎಸ್‌ಡಿಆರ್ ಪ್ಲಸ್ ಪ್ಲಸ್ ಅಥವಾ ಎಸ್‌ಡಿಆರ್ ಶಾರ್ಪ್ ತೆರೆದರೆ ಮುಗಿಯಿತು.

ಆಗ ಕಾಣುವುದು ವಾಟರ್‌ಫಾಲ್. ಸುಮಾರು 2.4 ಮೆಗಾಹರ್ಟ್ಸ್ ಅಗಲದ ಪಟ್ಟಿ ಒಟ್ಟಿಗೆ ಪರದೆಯ ಮೇಲೆ ಹರಿಯುತ್ತದೆ. ಕೇಂದ್ರಗಳು ಬೆಳ್ಳನೆಯ ಗೆರೆಗಳಾಗಿ ನಿಲ್ಲುತ್ತವೆ. ಹಳೆಯ ರೇಡಿಯೊದಲ್ಲಿ ಡಯಲ್ ತಿರುಗಿಸುವಾಗ ಹಿಂದೆ ಉಳಿದದ್ದು ನಮಗೆ ತಿಳಿಯುತ್ತಿರಲಿಲ್ಲ. ಇಲ್ಲಿ ಅರೆಕ್ಷಣ ಬಂದು ಹೋದ ಸಂಕೇತವೂ ಗುರುತು ಬಿಟ್ಟಿರುತ್ತದೆ. ಗದ್ದಲದ ಮೂಲ ಹುಡುಕಲೂ ಇದು ಸಹಾಯಕ. ಸಮಾನ ಅಂತರದಲ್ಲಿ ನಿಂತ, ನಿಧಾನವಾಗಿ ಅತ್ತಿತ್ತ ಸರಿಯುವ ಮಬ್ಬು ಗೆರೆಗಳು ಕಂಡರೆ ಅವು ಯಾವುದೋ ಅಡಾಪ್ಟರಿನವು.

ಡಾಂಗಲಿನ ದೌರ್ಬಲ್ಯವನ್ನೂ ತಿಳಿದಿರಬೇಕು. ಅದು ಅಳೆಯುವುದು 8 ಬಿಟ್‌ನಲ್ಲಿ. ಹತ್ತಿರದಲ್ಲಿ ಬಲವಾದ ಎಫ್‌ಎಂ ಅಥವಾ ಮಧ್ಯಮ ತರಂಗ ಪ್ರಸಾರವಿದ್ದರೆ ಅದರ ಅಬ್ಬರದಲ್ಲಿ ಸಣ್ಣ ಸಂಕೇತಗಳು ಮುಳುಗುತ್ತವೆ, ಇಲ್ಲದ ಜಾಗದಲ್ಲೆಲ್ಲ ಅದರ ನೆರಳು ಕಾಣುತ್ತದೆ. ಬೆಂಗಳೂರಿನಲ್ಲಿ ಆಕಾಶವಾಣಿಯ 612 ಕಿಲೋಹರ್ಟ್ಸ್ ಪ್ರಸಾರ, ಧಾರವಾಡದ ಸುತ್ತ 765 ಇಂಥ ಬಲಶಾಲಿಗಳು. ಗೇನ್ ಎಂಬ ಹಿಡಿತವನ್ನು ತುದಿಗೆ ಏರಿಸುವ ಚಪಲ ಬಿಡಿ. ಕೆಳಗಿನಿಂದ ಏರಿಸುತ್ತ ಬಂದು, ಸಂಕೇತಕ್ಕಿಂತ ಗದ್ದಲವೇ ಹೆಚ್ಚು ಏರತೊಡಗಿದಾಗ ಒಂದು ಹೆಜ್ಜೆ ಹಿಂದಿಡಿ. ಎಫ್‌ಎಂ ತಡೆಯುವ ಸೋಸುಕವೊಂದನ್ನು ಆಂಟೆನಾ ದಾರಿಯಲ್ಲಿ ಹಾಕಿದರೆ ನಗರವಾಸಿಗಳಿಗೆ ದೊಡ್ಡ ಉಪಕಾರ. ಡಾಂಗಲನ್ನು ಲ್ಯಾಪ್‌ಟಾಪಿಗೆ ನೇರ ಅಂಟಿಸದೆ ಒಂದೆರಡು ಮೀಟರ್ ಯುಎಸ್‌ಬಿ ತಂತಿಯಲ್ಲಿ ದೂರವಿಡಿ. ಆವರ್ತನ ಸರಿಯಿದೆಯೇ ಎಂದು ನೋಡಲು ಚೀನಾದ ಬಿಪಿಎಂ ಸಮಯ ಸಂಕೇತ 10 ಮೆಗಾಹರ್ಟ್ಸ್‌ನಲ್ಲಿ ಟಿಕ್‌ಟಿಕ್ ಎನ್ನುತ್ತಿರುತ್ತದೆ. ಅದರ ಗೆರೆ ಸರಿಯಾಗಿ ಹತ್ತರ ಮೇಲೆ ನಿಲ್ಲುವಂತೆ ಹೊಂದಿಸಿದರಾಯಿತು.

ಡಾಂಗಲಿನಿಂದ ದಕ್ಕುವ ಅತ್ಯಂತ ಸುಂದರ ಫಲ ಉಪಗ್ರಹ ಚಿತ್ರ. ಹಳೆಯ ಮಾರ್ಗದರ್ಶಿಗಳೆಲ್ಲ ಅಮೆರಿಕದ ನೋವಾ 15, 18, 19ರಿಂದ ಶುರು ಮಾಡಿ ಎನ್ನುತ್ತವೆ. ಆ ಮಾತು ಈಗ ನಡೆಯದು, ಮೂರನ್ನೂ 2025ರಲ್ಲಿ ಸೇವೆಯಿಂದ ನಿವೃತ್ತಿಗೊಳಿಸಲಾಯಿತು. ಈಗ ಹುಡುಕಬೇಕಾದದ್ದು ರಷ್ಯದ ಮೀಟಿಯರ್-ಎಂ ಸರಣಿಯನ್ನು. 2023ರಲ್ಲಿ ಹಾರಿದ ಎನ್2-3, 2024ರಲ್ಲಿ ಹಾರಿದ ಎನ್2-4 ಎರಡೂ 137.9 ಅಥವಾ 137.1 ಮೆಗಾಹರ್ಟ್ಸ್‌ನಲ್ಲಿ ಡಿಜಿಟಲ್ ಚಿತ್ರ ಕಳಿಸುತ್ತವೆ. ಆಂಟೆನಾ ಮನೆಯಲ್ಲೇ ಮಾಡಬಹುದು: ತಲಾ 53.4 ಸೆಂಟಿಮೀಟರ್ ಉದ್ದದ ಎರಡು ಅಲ್ಯೂಮಿನಿಯಂ ಕಡ್ಡಿಗಳನ್ನು 120 ಡಿಗ್ರಿ ಕೋನದಲ್ಲಿ, ನೆಲಕ್ಕೆ ಸಮಾನಾಂತರವಾಗಿ, ಉತ್ತರ-ದಕ್ಷಿಣ ಮುಖವಾಗಿ ಇಡುವುದು. ಒಂದು ಕಡ್ಡಿಗೆ ಕೇಬಲಿನ ನಡುತಂತಿ, ಇನ್ನೊಂದಕ್ಕೆ ಜಾಲರಿ. ಜಿಪ್ರೆಡಿಕ್ಟ್ ತಂತ್ರಾಂಶ ಉಪಗ್ರಹ ಯಾವಾಗ ನಿಮ್ಮ ನೆತ್ತಿಯ ಮೇಲೆ ಹಾಯುತ್ತದೆ ಎಂದು ಹೇಳುತ್ತದೆ. ಸ್ಯಾಟ್‌ಡಂಪ್ ಅದನ್ನು ಚಿತ್ರವಾಗಿಸುತ್ತದೆ. ತಾರಸಿಯಲ್ಲಿ ಹತ್ತು-ಹನ್ನೆರಡು ನಿಮಿಷ. ಅಷ್ಟರೊಳಗೆ ಹಿಮಾಲಯದ ಕಡೆಯಿಂದ ಹಿಂದೂ ಮಹಾಸಾಗರದವರೆಗಿನ ಮೋಡಗಳು ಸಾಲುಸಾಲಾಗಿ ಇಳಿದುಬರುತ್ತವೆ. ಜೂನ್ ತಿಂಗಳಲ್ಲಿ ಪಶ್ಚಿಮ ಘಟ್ಟದ ಮೇಲೆ ಕವಿದ ಮುಂಗಾರಿನ ಚಿತ್ರವನ್ನು ಮಕ್ಕಳಿಗೆ ತೋರಿಸಿ. ಅದು ಬೇರೆಯವರು ತೆಗೆದು ಟಿವಿಯಲ್ಲಿ ಹಾಕಿದ ಚಿತ್ರವಲ್ಲ, ಅವರ ಕಣ್ಣೆದುರೇ ಇಳಿದದ್ದು. ಶಾಲೆಗಳಲ್ಲಿ ಇದಕ್ಕಿಂತ ಒಳ್ಳೆಯ ವಿಜ್ಞಾನ ಪಾಠ ನನಗೆ ಗೊತ್ತಿಲ್ಲ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವೂ ಆಗಾಗ 145.800 ಮೆಗಾಹರ್ಟ್ಸ್‌ನಲ್ಲಿ ಸ್ಥಿರ ಚಿತ್ರಗಳನ್ನು ಕಳಿಸುತ್ತದೆ. ಒಂದೊಂದಕ್ಕೆ ಎರಡು ನಿಮಿಷ. ದಿನಾಂಕ ಮೊದಲೇ ಪ್ರಕಟವಾಗುತ್ತದೆ. ಆಂಡ್ರಾಯ್ಡ್ ಫೋನಿನ ರೋಬಾಟ್36 ಆಪ್ ಸ್ಪೀಕರ್ ಮುಂದೆ ಹಿಡಿದರೂ ಚಿತ್ರ ಮೂಡುತ್ತದೆ.

ಬರೆದಿಡುವುದು, ಉಳಿಸಿಡುವುದು, ಬಿಟ್ಟುಬಿಡುವುದು

ಕೇಳಿದ್ದನ್ನು ದಾಖಲಿಸುವಾಗ ಸಮಯವನ್ನು ಯುಟಿಸಿಯಲ್ಲಿ ಬರೆಯಿರಿ, ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆದರೆ ಅದು. ಪ್ರಸಾರ ಕೇಂದ್ರಗಳ ವೇಳಾಪಟ್ಟಿ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬದಲಾಗುತ್ತದೆ. ಐಬಿ (EiBi) ಎಂಬ ವೇಳಾಪಟ್ಟಿಯನ್ನು ಇಳಿಸಿಕೊಂಡು ಕಂಪ್ಯೂಟರಿನಲ್ಲಿಟ್ಟರೆ ಯಾವ ಆವರ್ತನದಲ್ಲಿ ಯಾರು ಎಂಬುದು ತಕ್ಷಣ ಸಿಗುತ್ತದೆ. ಧ್ವನಿಯನ್ನು ಆಡಾಸಿಟಿಯಲ್ಲಿ ಮುದ್ರಿಸುವುದಾದರೆ ಒಂದೇ ಚಾನೆಲ್ ಸಾಕು: 48 ಕಿಲೋಹರ್ಟ್ಸ್, 16 ಬಿಟ್‌ನಲ್ಲಿ ಗಂಟೆಗೆ ಸುಮಾರು 346 ಮೆಗಾಬೈಟ್. ಡಾಂಗಲಿನ ಪೂರ್ತಿ ಪಟ್ಟಿಯನ್ನೇ ಕಚ್ಚಾ ರೂಪದಲ್ಲಿ ಉಳಿಸಲು ಹೋದರೆ ಗಂಟೆಗೆ 17 ಗಿಗಾಬೈಟ್ ದಾಟುತ್ತದೆ, ಡಿಸ್ಕ್ ನೋಡಿಕೊಳ್ಳಿ. ನೀವು ಹಿಡಿದ ಸದ್ದು ಯಾವುದೆಂದು ಗೊತ್ತಾಗದಿದ್ದರೆ ನೆದರ್‌ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿರುವ ವೆಬ್ ರಿಸೀವರಿನಲ್ಲಿ ಅದೇ ಆವರ್ತನಕ್ಕೆ ಹೋಗಿ ಹೋಲಿಸಬಹುದು. ಅಲ್ಲಿಯೂ ಇದ್ದರೆ ಅದು ನಿಮ್ಮ ಮನೆಯ ಚಾರ್ಜರ್ ಅಲ್ಲ.

ಕೇಳುವುದಕ್ಕೂ ಎಲ್ಲೆ ಇದೆ. ಎಲ್ಲರಿಗಾಗಿ ಬಿತ್ತರವಾಗುವ ರೇಡಿಯೊ, ಹವ್ಯಾಸಿಗಳ ಪಟ್ಟಿಗಳು, ಹವಾಮಾನ ಉಪಗ್ರಹ, ಸಮಯ ಸಂಕೇತ ಇಷ್ಟರಲ್ಲೇ ಒಂದು ಆಯುಷ್ಯಕ್ಕಾಗುವಷ್ಟು ಇದೆ. ಪೊಲೀಸ್, ಸೇನೆ, ಖಾಸಗಿ ಸಂಭಾಷಣೆಗಳ ಹತ್ತಿರ ಹೋಗಬೇಡಿ. ಅಚಾನಕ್ಕಾಗಿ ಕಿವಿಗೆ ಬಿದ್ದರೂ ಮುದ್ರಿಸುವುದು, ಹಂಚುವುದು ಬೇಡ. ಡಾಂಗಲನ್ನು ಬಿಲ್ ಕೊಡುವ ಮಾರಾಟಗಾರರಿಂದಲೇ ಕೊಳ್ಳಿ. ಪ್ರಸಾರ ಮಾಡುವ ಆಸೆ ಹುಟ್ಟಿದರೆ ಪರವಾನಗಿ ಕಡ್ಡಾಯ. ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆಯಬೇಕು, 12 ವರ್ಷ ತುಂಬಿದವರು ಬರೆಯಬಹುದು. ಬೆಂಗಳೂರಿನಲ್ಲಿ ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೊ ತರಗತಿ ನಡೆಸುವವರಿದ್ದಾರೆ. ಇಸ್ರೊದ ಯು.ಆರ್. ರಾವ್ ಉಪಗ್ರಹ ಕೇಂದ್ರದ ‘ಉಪಗ್ರಹ’ ಎಂಬ ಹೆಸರಿನ ಹ್ಯಾಮ್ ಕ್ಲಬ್ಬೂ ಇಲ್ಲೇ ಇದೆ. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಹಾರಿದ ಹ್ಯಾಮ್‌ಸ್ಯಾಟ್ ಹವ್ಯಾಸಿಗಳಿಗೆಂದೇ ಭಾರತ ಕಟ್ಟಿದ ಉಪಗ್ರಹ.

ಕೊನೆಯದಾಗಿ ಒಂದು ಕೋರಿಕೆ. ಯಾವ ಕೇಂದ್ರವನ್ನು ಕೇಳಿದರೂ ಅದಕ್ಕೆ ವರದಿ ಬರೆಯಿರಿ: ದಿನಾಂಕ, ಯುಟಿಸಿ ಸಮಯ, ಆವರ್ತನ, ಕೇಳಿದ ಕಾರ್ಯಕ್ರಮದ ಎರಡು-ಮೂರು ವಿವರ, ಸಂಕೇತ ಎಷ್ಟು ಸ್ಪಷ್ಟವಿತ್ತು ಎಂಬ ಮಾತು, ಜೊತೆಗೆ ಕಂಪ್ಯೂಟರಿನಲ್ಲಿ ಮುದ್ರಿಸಿದ ಒಂದು ನಿಮಿಷದ ತುಣುಕು. ರೇಡಿಯೊ ರೊಮೇನಿಯಾ ಇಂಟರ್‌ನ್ಯಾಷನಲ್, ಕೊರಿಯಾದ ಕೆಬಿಎಸ್ ವರ್ಲ್ಡ್ ರೇಡಿಯೊದಂಥ ಕೇಂದ್ರಗಳು ಇಂಥ ವರದಿಗಳನ್ನು ಓದಿ, ನೀವು ಕೇಳಿದ್ದನ್ನು ದೃಢೀಕರಿಸುವ ಕ್ಯೂಎಸ್‌ಎಲ್ ಕಾರ್ಡ್ ಕಳಿಸುವ ಸಂಪ್ರದಾಯ ಉಳಿಸಿಕೊಂಡು ಬಂದಿವೆ. ನಮ್ಮ ಆಕಾಶವಾಣಿ ಕೇಂದ್ರಗಳಿಗೂ ಬರೆಯಿರಿ. ಪ್ರಸಾರ ಮಾಡುವವರಿಗೆ ತಮ್ಮ ದನಿ ಎಲ್ಲೆಲ್ಲಿ ಕೇಳುತ್ತಿದೆ ಎಂದು ಗೊತ್ತಾಗುವುದು ಕೇಳುಗರು ಹೇಳಿದಾಗಲೇ.